ಸಹಿ ಬಿದ್ದ ಮೇಲಿನ ಕರಾರು



ವ್ಯಾಪಾರ ಮಾಡುವವರ ಜೀವನದಲ್ಲಿ ಕರಾರು ಪತ್ರ ಎನ್ನುವುದು ಒಂದು ದಿನದ ಸಂಭ್ರಮವಾಗಿಬಿಟ್ಟಿದೆ. ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ. ವಕೀಲರು ಓದುತ್ತಾರೆ, ತಿದ್ದುತ್ತಾರೆ. ಒಂದು ಶುಭದಿನ ಸಹಿ ಬೀಳುತ್ತದೆ. ಫೋಟೋ ತೆಗೆಯುತ್ತಾರೆ, ಸಿಹಿ ಹಂಚುತ್ತಾರೆ. ಮರುದಿನ ಆ ಪತ್ರ ಬೀರುವಿಗೆ ಹೋಗುತ್ತದೆ. ಮತ್ತೆ ಅದು ಹೊರಗೆ ಬರುವುದು ಜಗಳವಾದಾಗ.

ಇವತ್ತು ನಾನು ಹೇಳಹೊರಟಿರುವುದು ಇಷ್ಟೇ. ಕರಾರಿನ ನಿಜವಾದ ಆಯುಸ್ಸು ಶುರುವಾಗುವುದು ಸಹಿಯ ಮರುದಿನದಿಂದ. ಬಿತ್ತಿದ ಹೊಲಕ್ಕೆ ಕಾವಲು ಬೇಕಾದ ಹಾಗೆ, ಸಹಿ ಬಿದ್ದ ಕರಾರಿಗೂ ಒಬ್ಬ ಕಾವಲುಗಾರ ಬೇಕು. ಹೆಸರಿಟ್ಟು ನೇಮಿಸಿದ ಕಾವಲುಗಾರ.

ಈ ಮಾತಿಗೆ ನಿಮ್ಮನ್ನು ಜಪಾನಿಗೆ, ಟೋಕಿಯೋ ನಗರದ ಪೂರ್ವಕ್ಕೆ, ಕೋಟೋ ಎಂಬ ವಾರ್ಡಿಗೆ ಕರೆದೊಯ್ಯುತ್ತೇನೆ. ಒಂದು ಕಡೆ ಸುಮಿದಾ ನದಿ. ಇನ್ನೊಂದು ಕಡೆ ಅರಾಕಾವಾ. ದಕ್ಷಿಣಕ್ಕೆ ಟೋಕಿಯೋ ಕೊಲ್ಲಿ. ನಡುವೆ ಕಾಲುವೆಗಳು, ಸೇತುವೆಗಳು. ಸುಮಾರು ಐದು ಲಕ್ಷ ಜನ. ನೆಲದ ಬಹುಭಾಗ ಒಂದು ಕಾಲಕ್ಕೆ ನೀರು; ಮಣ್ಣು ತುಂಬಿ ಮಾಡಿದ ಭೂಮಿ. ಹಳೆಯ ಕಾಲದಲ್ಲಿ ಇಲ್ಲಿನ ಕಿಬಾ ಎಂಬ ಪೇಟೆ ಇಡೀ ನಗರಕ್ಕೆ ಮರ ಒದಗಿಸುತ್ತಿತ್ತು. ಈಗ ಇದೇ ವಾರ್ಡಿನ ಟೊಯೋಸುವಿನಲ್ಲಿ ಎನ್‌ಟಿಟಿ ಡೇಟಾದಂಥ ದೊಡ್ಡ ಸಾಫ್ಟ್‌ವೇರ್ ಕಂಪನಿಯ ಪ್ರಧಾನ ಕಚೇರಿ ಇದೆ. ಓಜಿಮಾದ ಎತ್ತರದ ವಸತಿ ಸಮುಚ್ಚಯಗಳಲ್ಲಿ ಭಾರತೀಯ ಕುಟುಂಬಗಳು ಬಹಳ. 2004ರಿಂದ ಕೋಟೋದಲ್ಲಿ ಭಾರತೀಯ ಶಾಲೆಯೂ ನಡೆಯುತ್ತಿದೆ. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಹೋದ ನಮ್ಮವರು ಈ ಭಾಗದ ರೈಲು ನಿಲ್ದಾಣಗಳ ಹೆಸರನ್ನು ಬಾಯಿಪಾಠ ಹೇಳಬಲ್ಲರು.

ಈ ಒಂದೇ ವಾರ್ಡಿನೊಳಗೆ ಕರಾರಿನ ಹುಟ್ಟು, ಬಾಳು, ಕೊನೆ ಮೂರನ್ನೂ ತೋರಿಸುವ ಪ್ರಸಂಗಗಳು ಸಿಗುತ್ತವೆ. ನಾನು ಕೊನೆಯಿಂದ ಶುರು ಮಾಡುತ್ತೇನೆ. ಏಕೆಂದರೆ ನಮ್ಮಲ್ಲಿ ಕರಾರಿನ ಕೊನೆಯನ್ನು ಯಾರೂ ಮೊದಲೇ ಯೋಚಿಸುವುದಿಲ್ಲ.

ಕೋಟೋದ ಸಮುದ್ರದ ಅಂಚಿನಲ್ಲಿ ಆಓಮಿ ಎಂಬ ಜಾಗ. ಅಲ್ಲಿ 2003ರಲ್ಲಿ ಒಂದು ದೊಡ್ಡ ಬಿಸಿನೀರಿನ ಸ್ನಾನಗೃಹ ತೆರೆಯಿತು. ಓಎಡೊ ಓನ್ಸೆನ್ ಮೊನೊಗತಾರಿ ಎಂದು ಅದರ ಹೆಸರು. ಒಳಗೆ ಹೋದರೆ ಹಳೆಯ ಎಡೊ ಕಾಲದ ಬೀದಿಯ ಹಾಗೆ ಕಟ್ಟಿದ ಅಂಗಡಿಸಾಲು. ಬಂದವರೆಲ್ಲ ಹತ್ತಿಬಟ್ಟೆಯ ಯುಕತಾ ನಿಲುವಂಗಿ ಉಟ್ಟು ಓಡಾಡಬೇಕು. ಹೊರದೇಶದ ಪ್ರವಾಸಿಗರಿಗಂತೂ ಅಚ್ಚುಮೆಚ್ಚು. ಅಂಥ ಜಾಗ 2021ರ ಸೆಪ್ಟೆಂಬರ್ 5ರಂದು ಬಾಗಿಲು ಮುಚ್ಚಿತು.

ಕೋವಿಡ್ ಕಾಲ ಎಂದು ನೀವು ಊಹಿಸಬಹುದು. ಆದರೆ ಕಂಪನಿ ಕೊಟ್ಟ ಕಾರಣ ಬೇರೆ. ಆ ಭೂಮಿ ಟೋಕಿಯೋ ಮಹಾನಗರ ಸರ್ಕಾರದ್ದು. ಅದನ್ನು ಭೋಗ್ಯಕ್ಕೆ ಕೊಟ್ಟಿದ್ದರು. ಭೋಗ್ಯದ ಅವಧಿ 2021ರ ಡಿಸೆಂಬರ್‌ಗೆ ಮುಗಿಯುತ್ತಿತ್ತು. ಕರಾರಿನ ಪ್ರಕಾರ ಕಟ್ಟಡ ಕೆಡವಿ, ಜಾಗವನ್ನು ಖಾಲಿ ನಿವೇಶನವಾಗಿ ಒಪ್ಪಿಸಬೇಕಿತ್ತು. ಕೆಡವುವುದಕ್ಕೂ ಸಮಯ ಬೇಕಲ್ಲ. ಹಾಗಾಗಿ ಮೂರು ತಿಂಗಳಿಗೂ ಮುಂಚೆಯೇ ವ್ಯಾಪಾರ ನಿಲ್ಲಿಸಿದರು.

ಇಲ್ಲೊಂದು ಕಾನೂನಿನ ಮಾತು ಹೇಳಬೇಕು. ಜಪಾನಿನ ಭೋಗ್ಯದ ಕಾನೂನು ಹಳೆಯ ಕಾಲದಿಂದಲೂ ಬಾಡಿಗೆದಾರನ ಪರ. ಒಮ್ಮೆ ಜಾಗ ಕೊಟ್ಟರೆ ವಾಪಸು ಪಡೆಯುವುದು ಕಷ್ಟ. ಅದರಿಂದ ಭೂಮಿಯ ಒಡೆಯರು ಕೊಡುವುದಕ್ಕೇ ಹೆದರುತ್ತಿದ್ದರು. ಆದ್ದರಿಂದ 1992ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ನಿಶ್ಚಿತ ಅವಧಿಯ ಭೋಗ್ಯ ಎಂಬ ವಿಧಾನ ತಂದರು. ವ್ಯಾಪಾರದ ಕಟ್ಟಡಕ್ಕೆ ಇದನ್ನು ಬಳಸಬೇಕಾದರೆ ಸರ್ಕಾರಿ ನೋಟರಿಯ ಮುಂದೆಯೇ ಪತ್ರ ಆಗಬೇಕು. ಅವಧಿ ಮುಗಿದರೆ ಅದು ತಾನಾಗಿ ಮುಂದುವರಿಯುವುದಿಲ್ಲ. ಕಟ್ಟಿದ್ದನ್ನು ಕೊಂಡುಕೊಳ್ಳಿ ಎಂದು ಒಡೆಯನನ್ನು ಕೇಳುವ ಹಕ್ಕೂ ಇಲ್ಲ.

ಕಠಿಣ ಅನ್ನಿಸಬಹುದು. ನನಗೆ ಇದರಲ್ಲಿ ದೊಡ್ಡ ನ್ಯಾಯ ಕಾಣುತ್ತದೆ. ಇಬ್ಬರಿಗೂ ಕೊನೆಯ ದಿನ ಗೊತ್ತು. ಹೂಡಿದ ಹಣ ಎಷ್ಟು ವರ್ಷದಲ್ಲಿ ವಾಪಸು ಬರಬೇಕು ಎಂದು ಲೆಕ್ಕ ಹಾಕಬಹುದು. ಕೆಲಸಗಾರರಿಗೆ ಮುಂಚಿತವಾಗಿ ಹೇಳಬಹುದು. ಕೆಡವುವ ಖರ್ಚನ್ನು ವರ್ಷವರ್ಷ ತೆಗೆದಿಡಬಹುದು. ಅದೇ ಆಓಮಿಯಲ್ಲಿ 1999ರಲ್ಲಿ ತೆರೆದ ಪ್ಯಾಲೆಟ್ ಟೌನ್ ಎಂಬ ಮನರಂಜನೆಯ ತಾಣವೂ ಮೊದಲೇ ದಿನ ಸಾರಿ ಹಂತಹಂತವಾಗಿ ಮುಚ್ಚಿತು. ಅಲ್ಲಿ 115 ಮೀಟರ್ ಎತ್ತರದ ಒಂದು ಜೈಂಟ್ ವೀಲ್ ಇತ್ತು. ಟೋಕಿಯೋ ಕೊಲ್ಲಿಯ ಗುರುತೇ ಆಗಿತ್ತು. 2022ರ ಆಗಸ್ಟ್ ಕೊನೆಯ ದಿನ ಅದೂ ನಿಂತಿತು.

ನಮ್ಮ ಕಡೆ ನೋಡಿ. ನಗರಸಭೆಯ ಮಳಿಗೆ ಹಿಡಿದವರ ಅವಧಿ ಮುಗಿದಿರುತ್ತದೆ. ಮಳಿಗೆ ಮಾತ್ರ ಅವರ ಕೈಯಲ್ಲೇ. ಬಾಡಿಗೆ ಹಳೆಯದು. ಹೊಸ ಹರಾಜಿಗೆ ತಡೆಯಾಜ್ಞೆ. ತಪ್ಪು ಒಬ್ಬರದ್ದೇ ಎನ್ನಲಾರೆ. ಬಾಡಿಗೆದಾರನಿಗೂ ಗೊತ್ತಿಲ್ಲ, ಯಾವತ್ತು ಎಬ್ಬಿಸುತ್ತಾರೋ ಎಂದು. ಆದ್ದರಿಂದ ಅವನು ಮಳಿಗೆಗೆ ಸುಣ್ಣ ಬಣ್ಣ ಕೂಡ ಮಾಡಿಸುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇದು. ಕೊನೆಯ ದಿನ, ಕೊನೆಯ ದಿನದ ಕೆಲಸ, ಆ ಕೆಲಸದ ಖರ್ಚು, ಇವು ಮೂರೂ ಕರಾರಿನಲ್ಲೇ ಇರಬೇಕು. ಈಗ ಕರಾರಿನ ಹುಟ್ಟಿಗೆ ಬರೋಣ.

ಕೋಟೋದಲ್ಲೇ, ಆಓಮಿಗೆ ಹತ್ತಿರ, ಟೊಯೋಸು. ಟೋಕಿಯೋದ ಹೆಸರಾಂತ ಮೀನು ಮಾರುಕಟ್ಟೆ ಮೊದಲು ತ್ಸುಕಿಜಿಯಲ್ಲಿತ್ತು. 1935ರಿಂದ ಅಲ್ಲಿತ್ತು. ಹಳೆಯದಾಯಿತು, ಇಕ್ಕಟ್ಟಾಯಿತು. 2001ರಲ್ಲಿ, ಶಿಂತಾರೋ ಇಶಿಹಾರಾ ರಾಜ್ಯಪಾಲರಾಗಿದ್ದಾಗ, ಅದನ್ನು ಟೊಯೋಸುವಿಗೆ ಸಾಗಿಸುವ ನಿರ್ಧಾರವಾಯಿತು. ಟೋಕಿಯೋದಲ್ಲಿ ರಾಜ್ಯಪಾಲರೆಂದರೆ ಜನ ಆರಿಸಿದ ಆಡಳಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಗಳ ಹಾಗೆ. ಟೊಯೋಸುವಿನ ಆ ಜಾಗ ಸುಮಾರು 40 ಹೆಕ್ಟೇರ್, ಅಂದರೆ ನೂರು ಎಕರೆ. ಅಲ್ಲಿ 1956ರಿಂದ 1988ರವರೆಗೆ ಟೋಕಿಯೋ ಗ್ಯಾಸ್ ಕಂಪನಿ ಕಲ್ಲಿದ್ದಲಿನಿಂದ ಅಡುಗೆ ಅನಿಲ ತಯಾರಿಸುತ್ತಿತ್ತು. ಅಂಥ ಕಾರ್ಖಾನೆಯ ನೆಲದಲ್ಲಿ ವಿಷವಸ್ತುಗಳು ಇಳಿದಿರುತ್ತವೆ. ಇದು ಯಾರಿಗೂ ಗುಟ್ಟಲ್ಲ. ಕಂಪನಿ ತನ್ನ ಖರ್ಚಿನಲ್ಲಿ ಒಂದು ಸುತ್ತು ಮಣ್ಣು ಶುದ್ಧಿ ಮಾಡಿಸಿಯೂ ಇತ್ತು. ಆದರೆ 2008ರ ಪರೀಕ್ಷೆಯಲ್ಲಿ ಒಂದು ಕಡೆಯ ಮಣ್ಣಿನಲ್ಲಿ ಬೆಂಜೀನ್ ಮಿತಿಗಿಂತ 43,000 ಪಟ್ಟು ಹೆಚ್ಚು ಸಿಕ್ಕಿತು. ಬೆಂಜೀನ್ ಎಂದರೆ ಕ್ಯಾನ್ಸರ್ ತರುವ ರಾಸಾಯನಿಕ. ಮೀನು, ತರಕಾರಿ ಮಾರುವ ಜಾಗದ ಕೆಳಗೆ.

ಈಗ ಕರಾರಿನ ಪ್ರಶ್ನೆ. ಶುದ್ಧಿ ಮಾಡುವ ಖರ್ಚು ಯಾರದು? ಮಾರುವವನದೋ, ಕೊಳ್ಳುವವನದೋ?

2011ರ ಮಾರ್ಚ್ 31ರಂದು ಮಹಾನಗರ ಸರ್ಕಾರ ಮತ್ತು ಟೋಕಿಯೋ ಗ್ಯಾಸ್ ನಡುವೆ ಭೂಮಿ ಖರೀದಿಯ ಪತ್ರವಾಯಿತು. ಶುದ್ಧಿಯ ಖರ್ಚಿಗೆ ಕಂಪನಿ 780 ಕೋಟಿ ಯೆನ್ ಕೊಡುವುದೆಂದು ಆಯಿತು. ಅದಕ್ಕಿಂತ ಹೆಚ್ಚು ಖರ್ಚಾದರೆ ಕಂಪನಿಗೆ ಹೊಣೆ ಇಲ್ಲ ಎಂದು ಒಪ್ಪಿಕೊಂಡರು. ಕೊನೆಗೆ ಶುದ್ಧಿಗೆ ಒಟ್ಟು ತಗುಲಿದ್ದು ಸುಮಾರು 8,600 ಕೋಟಿ ಯೆನ್. ಒಂದು ಯೆನ್ ಅರ್ಧ ರೂಪಾಯಿಗಿಂತ ತುಸು ಹೆಚ್ಚು ಎಂದುಕೊಳ್ಳಿ. ಅಂದರೆ ನಾಲ್ಕು ಸಾವಿರ ಕೋಟಿ ರೂಪಾಯಿ ದಾಟಿತು. ಮಾರಿದವರ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಉಳಿದದ್ದು ಜನರ ಹಣ.

ಇಲ್ಲಿ ಟೋಕಿಯೋ ಗ್ಯಾಸ್ ಮೋಸ ಮಾಡಿತು ಎಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಹಿತ ನೋಡಿಕೊಂಡರು; ಮಾರುವವರು ಮಾಡಬೇಕಾದ್ದೇ ಅದು. ಕೊಳ್ಳುವವರು ಮಿತಿ ಹಾಕಿಕೊಳ್ಳುವಾಗ ಖರ್ಚು ಎಲ್ಲಿಗೆ ಏರಬಹುದು ಎಂದು ಅಂದಾಜು ಮಾಡಿಕೊಳ್ಳಬೇಕಿತ್ತು. ಹೊಣೆಯ ಮಿತಿ ಎನ್ನುವ ಒಂದು ಸಾಲು ಕರಾರಿನಲ್ಲಿ ಎಲ್ಲಕ್ಕಿಂತ ದುಬಾರಿ ಸಾಲು. ಬೆಲೆಯ ಸಾಲನ್ನು ಹತ್ತು ಜನ ಓದುತ್ತಾರೆ. ಈ ಸಾಲನ್ನು ಓದುವವರು ಕಡಿಮೆ. 2017ರಲ್ಲಿ ಮಹಾನಗರ ಸಭೆ ವಿಶೇಷ ತನಿಖಾ ಸಮಿತಿ ಮಾಡಿ ಇಶಿಹಾರಾ ಅವರನ್ನು ಕರೆದು ಕೇಳಿತು. ಅಧಿಕಾರಿಗಳಿಗೂ ಪರಿಣತರಿಗೂ ಬಿಟ್ಟಿದ್ದೆ ಎನ್ನುವುದು ಅವರ ಉತ್ತರದ ಸಾರ.

ಈ ಕಥೆಯಲ್ಲಿ ನನ್ನನ್ನು ಬಹಳ ಕಾಡುವ ಭಾಗ ಇನ್ನೂ ಮುಂದಿದೆ.

ಶುದ್ಧಿ ಹೇಗೆ ಮಾಡಬೇಕೆಂದು ತಜ್ಞರ ಸಮಿತಿ ಹೇಳಿತ್ತು. ಹಳೆಯ ನೆಲದ ಎರಡು ಮೀಟರ್ ಮಣ್ಣು ತೆಗೆದುಹಾಕಿ. ಆ ಜಾಗಕ್ಕೆ ಶುದ್ಧ ಮಣ್ಣು ತುಂಬಿ. ಅದರ ಮೇಲೆ ಇನ್ನೂ ಎರಡೂವರೆ ಮೀಟರ್ ಏರಿಸಿ. ಒಟ್ಟು ನಾಲ್ಕೂವರೆ ಮೀಟರ್ ಶುದ್ಧ ಮಣ್ಣು. ಇಬ್ಬರು ಆಳು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮುಳುಗುವಷ್ಟು. ಹಾಗೆಯೇ ಮಾಡಿದ್ದೇವೆ ಎಂದು ಸರ್ಕಾರ ಜನರಿಗೆ ಹೇಳುತ್ತಾ ಬಂತು.

2016ರ ನವೆಂಬರ್ 7ಕ್ಕೆ ಮಾರುಕಟ್ಟೆ ತೆರೆಯಬೇಕಿತ್ತು. ಆಗಸ್ಟ್ ಕೊನೆಯಲ್ಲಿ, ಹೊಸದಾಗಿ ಗೆದ್ದು ಬಂದಿದ್ದ ರಾಜ್ಯಪಾಲರು ಯುರಿಕೋ ಕೊಯಿಕೆ ಅದನ್ನು ಮುಂದೂಡಿದರು. ಸೆಪ್ಟೆಂಬರ್ 10ರಂದು ಅವರು ಪ್ರಕಟಿಸಿದ ಸುದ್ದಿ ಕೇಳಿ ಊರೇ ಬೆಚ್ಚಿತು. ಮುಖ್ಯ ಕಟ್ಟಡಗಳ ಕೆಳಗೆ ಆ ಮಣ್ಣು ತುಂಬಿಯೇ ಇರಲಿಲ್ಲ. ಅಲ್ಲಿ ಕಾಂಕ್ರೀಟ್ ಗೋಡೆಗಳ ನಡುವೆ ಟೊಳ್ಳು ಜಾಗ. ಕೊಳವೆಗಳು ಹಾಯುವ ಕತ್ತಲೆಯ ನೆಲಮಾಳಿಗೆ. ಕೆಳಗೆ ನೀರು ನಿಂತಿತ್ತು.

ಇಂಜಿನಿಯರ್‌ಗಳಿಗೆ ಅದಕ್ಕೆ ಕಾರಣಗಳಿದ್ದವು. ಮುಂದೆ ಏನಾದರೂ ವಿಷ ಸಿಕ್ಕರೆ ಕೆಳಗಿಳಿದು ಕೆಲಸ ಮಾಡಲು ಜಾಗ ಬೇಕು ಎಂಬುದು ಒಂದು ಕಾರಣ. ಕಾರಣ ಸರಿಯೇ ಇರಬಹುದು. ಆದರೆ ಯೋಜನೆ ಬದಲಾಯಿತು ಎಂದು ಯಾರೂ ಯಾರಿಗೂ ಬರೆದು ತಿಳಿಸಲಿಲ್ಲ. ತಜ್ಞರ ಸಮಿತಿಗೆ ತಿಳಿಸಲಿಲ್ಲ. ವ್ಯಾಪಾರಿಗಳಿಗೆ ತಿಳಿಸಲಿಲ್ಲ. ಹಳೆಯ ಚಿತ್ರವನ್ನೇ ತೋರಿಸುತ್ತಿದ್ದರು.

ಯಾರು ಬದಲಾಯಿಸಿದರು? ಯಾವತ್ತು? ಸರ್ಕಾರವೇ ಒಳಗೆ ತನಿಖೆ ಮಾಡಿತು. ಸೆಪ್ಟೆಂಬರ್ ಕೊನೆಗೆ ಬಂದ ಮೊದಲ ವರದಿ ಏನು ಹೇಳಿತು ಗೊತ್ತೇ? ಇಂಥವರು, ಇಂಥ ದಿನ ಎಂದು ಗುರುತಿಸಲು ಆಗುವುದಿಲ್ಲ ಎಂದಿತು. ನೂರಾರು ಜನ ದುಡಿದ, ಸಾವಿರಾರು ಕೋಟಿಯ ಕೆಲಸ. ಅದರಲ್ಲಿ ಒಂದು ದೊಡ್ಡ ನಿರ್ಧಾರಕ್ಕೆ ಒಡೆಯನೇ ಇಲ್ಲ. ಜನ ಸಿಟ್ಟಾದರು. ನವೆಂಬರ್‌ನಲ್ಲಿ ಎರಡನೆಯ ವರದಿ ಬಂತು. ಆಗ ಎಂಟು ಮಂದಿ ಅಧಿಕಾರಿಗಳ ಹೆಸರು ಹೊರಬಿತ್ತು.

ಕೇಳುಗರೇ, ಕರಾರಿನ ನಡುವೆ ಆಗುವ ಬದಲಾವಣೆ ಎಂದರೆ ಇದು. ಅದಿಲ್ಲದೆ ಯಾವ ದೊಡ್ಡ ಕೆಲಸವೂ ಮುಗಿಯುವುದಿಲ್ಲ. ಮನೆ ಕಟ್ಟುವಾಗಲೂ ಕಿಟಕಿಯ ಜಾಗ ಬದಲಾಗುತ್ತದೆ. ಆದರೆ ಪ್ರತಿ ಬದಲಾವಣೆಗೂ ಒಂದು ಹಾಳೆ ಬೇಕು. ಏನು ಬದಲಾಯಿತು, ಏಕೆ ಬದಲಾಯಿತು, ಖರ್ಚು ಎಷ್ಟು ಏರಿತು ಅಥವಾ ಇಳಿಯಿತು, ಯಾರು ಒಪ್ಪಿದರು, ಯಾವ ತಾರೀಕು. ಎರಡೂ ಕಡೆಯ ಸಹಿ. ಆ ಹಾಳೆಯನ್ನು ಮೂಲ ಕರಾರಿನ ಜೊತೆಗೇ ಹೊಲಿದಿಡಬೇಕು. ವಾಟ್ಸಾಪಿನಲ್ಲಿ ಓಕೆ ಸರ್ ಎಂದು ಬಂದ ಸಂದೇಶ ಸಾಕು ಎಂದುಕೊಳ್ಳಬೇಡಿ. ಫೋನು ಬದಲಾಗುತ್ತದೆ. ಮೇಸ್ತ್ರಿ ಬದಲಾಗುತ್ತಾನೆ. ಬದಲಾದ ಸಂಗತಿ ಯಾರ್‍ಯಾರಿಗೆ ತಿಳಿಯಬೇಕೋ ಅವರ ಪಟ್ಟಿಯೂ ಅದೇ ಹಾಳೆಯ ಕೆಳಗಿರಲಿ. ಟೊಯೋಸುವಿನಲ್ಲಿ ತಪ್ಪಿದ್ದು ಮುಖ್ಯವಾಗಿ ಈ ಪಟ್ಟಿ.

ಮುಂದೂಡಿದ್ದರಿಂದ ಪೆಟ್ಟು ಬಿದ್ದದ್ದು ಯಾರಿಗೆ? ಮೀನು ಮಾರುವ ಸಣ್ಣ ಸಗಟು ವ್ಯಾಪಾರಿಗಳಿಗೆ. ಅವರು ಹೊಸ ಜಾಗಕ್ಕೆ ಶೀತಲ ಪೆಟ್ಟಿಗೆಗಳನ್ನು ಕೊಂಡಿದ್ದರು, ಲೀಸಿಗೆ ಹಿಡಿದಿದ್ದರು. ಅಂಗಡಿ ತೆರೆದಿಲ್ಲ, ಕಂತು ಮಾತ್ರ ಶುರು. ಸರ್ಕಾರ ಅವರಿಗೆ ಪರಿಹಾರ ಕೊಡಬೇಕಾಯಿತು. ಖಾಲಿ ಮಾರುಕಟ್ಟೆಯನ್ನು ನೋಡಿಕೊಳ್ಳಲು ದಿನಕ್ಕೆ ಲಕ್ಷಗಟ್ಟಲೆ ಯೆನ್ ಬೇರೆ. ನೆಲಮಾಳಿಗೆಯನ್ನು ಸುರಕ್ಷಿತ ಮಾಡುವ ಹೆಚ್ಚುವರಿ ಕಾಮಗಾರಿಗೆ ಟೆಂಡರ್ ಕರೆದರೆ ಅಲ್ಲೂ ತೊಡಕು. ಮೊದಲ ಕಟ್ಟಡಗಳ ಟೆಂಡರಿಗೆ 2014ರಲ್ಲಿ ಒಂದೊಂದಕ್ಕೆ ಒಂದೇ ಕೂಟ ಬಂದಿತ್ತು. ಅದನ್ನು ನೋಡಿ, ಒಬ್ಬರೇ ಬಂದರೆ ಟೆಂಡರ್ ರದ್ದು ಎಂದು 2017ರಲ್ಲಿ ಹೊಸ ನಿಯಮ ಮಾಡಿದ್ದರು. ಆ ನಿಯಮದಿಂದಲೇ ಕೆಲಸ ಹಿಡಿಯುವವರು ಸಿಗದೆ ತಿಂಗಳುಗಳು ಹೋದವು. ಕೊನೆಗೆ ಕೆಲವು ಕೆಲಸಗಳನ್ನು ಮಾತುಕತೆಯಲ್ಲೇ ಕೊಟ್ಟರು. 2018ರ ಅಕ್ಟೋಬರ್ 11ರಂದು ಟೊಯೋಸು ಮಾರುಕಟ್ಟೆ ತೆರೆಯಿತು. ಸುಮಾರು ಎರಡು ವರ್ಷ ತಡ.

ಈವರೆಗೆ ಮೂರು ಸಂಗತಿ ಆಯಿತು. ಕರಾರಿನ ಕೊನೆ ಮೊದಲೇ ಬರೆದಿರಬೇಕು. ಹೊಣೆಯ ಮಿತಿಯನ್ನು ಅಳೆದು ಹಾಕಬೇಕು. ನಡುವಿನ ಬದಲಾವಣೆಗೆ ಹಾಳೆಯೂ ಹೆಸರೂ ಇರಬೇಕು. ಈಗ ನಾಲ್ಕನೆಯದು, ಬದಲಾದ ಪರಿಸ್ಥಿತಿ. ಇದನ್ನು ಚಿಕ್ಕದಾಗಿ ಹೇಳುತ್ತೇನೆ.

ಟೊಯೋಸು ಮಾರುಕಟ್ಟೆಯ ಪಕ್ಕದಲ್ಲಿ ಊಟ, ಸ್ನಾನ, ಅಂಗಡಿಗಳ ಒಂದು ಸಮುಚ್ಚಯ ಬರಬೇಕಿತ್ತು. ಸೆಂಕ್ಯಾಕು ಬನ್ರಾಯ್ ಎಂದು ಅದರ ಹೆಸರು. ಮೊದಲು ಆಯ್ಕೆಯಾದ ಎರಡು ಕಂಪನಿಗಳು 2015ರಲ್ಲಿ ಹಿಂದೆ ಸರಿದವು. ಮರುವರ್ಷ ಮಾನ್ಯೋ ಕ್ಲಬ್ ಎಂಬ ಕಂಪನಿಯನ್ನು ಆರಿಸಿದರು. ಅಷ್ಟರಲ್ಲಿ 2017ರ ಜೂನ್‌ನಲ್ಲಿ ರಾಜ್ಯಪಾಲರು, ಹಳೆಯ ತ್ಸುಕಿಜಿಯನ್ನೂ ಆಹಾರದ ತಾಣವಾಗಿ ಬೆಳೆಸುತ್ತೇವೆ ಎಂದರು. ಮಾನ್ಯೋ ಕ್ಲಬ್ ಬೇಸರಗೊಂಡಿತು. ಪಕ್ಕದಲ್ಲೇ ಪೈಪೋಟಿ ನಿಲ್ಲಿಸಿದರೆ ನಮ್ಮ ಲೆಕ್ಕವೇ ಬುಡಮೇಲು ಎಂದಿತು. ಬಿಟ್ಟುಹೋಗುವ ಮಾತೂ ಬಂತು. ತಿಂಗಳುಗಟ್ಟಲೆ ಮಾತುಕತೆ ನಡೆದು 2018ರಲ್ಲಿ ಒಪ್ಪಿದರು. ಕಟ್ಟಡ ತೆರೆದದ್ದು 2024ರ ಫೆಬ್ರುವರಿ 1ರಂದು.

ಜಪಾನಿನ ವ್ಯಾಪಾರದ ಕರಾರುಗಳ ತುದಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಇಲ್ಲಿ ಬರೆಯದ ವಿಷಯ ಬಂದರೆ, ಅರ್ಥದಲ್ಲಿ ಸಂದೇಹ ಬಂದರೆ, ಎರಡೂ ಕಡೆಯವರು ಪ್ರಾಮಾಣಿಕವಾಗಿ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು ಎಂದು. ನಮ್ಮ ವಕೀಲರು ಇದನ್ನು ಕಂಡರೆ ಹುಬ್ಬೇರಿಸುತ್ತಾರೆ. ಇದರಿಂದ ಕೋರ್ಟಿನಲ್ಲಿ ಏನು ಸಿಗುತ್ತದೆ ಎನ್ನುತ್ತಾರೆ. ಕೋರ್ಟಿನಲ್ಲಿ ಹೆಚ್ಚೇನೂ ಸಿಗದಿರಬಹುದು. ಆದರೆ ಫೋನು ಎತ್ತಿ ಮಾತಿಗೆ ಕರೆಯಲು ಸಂಕೋಚವಿಲ್ಲದ ಒಂದು ನೆಪ ಸಿಗುತ್ತದೆ. ಅದೇನು ಕಡಿಮೆಯೇ? ನನ್ನ ಅಭಿಪ್ರಾಯದಲ್ಲಿ ನಮ್ಮ ಕರಾರುಗಳಲ್ಲೂ ಅದು ಇರಲಿ. ಜೊತೆಗೆ ಎಷ್ಟು ದಿನದೊಳಗೆ ಕೂರಬೇಕು, ಯಾರು ಯಾರು ಕೂರಬೇಕು ಎಂದೂ ಬರೆಯಿರಿ. ಕೂತದ್ದರ ನಡಾವಳಿ ಅದೇ ದಿನ ಬರೆದು ಇಬ್ಬರೂ ಸಹಿ ಹಾಕಿ.

ಈಗ ಕೋಟೋದಲ್ಲಿರುವ ನಮ್ಮ ಸಾಫ್ಟ್‌ವೇರ್ ಹುಡುಗ ಹುಡುಗಿಯರ ವಿಷಯ. ಅವರಿಗೆ ಅನ್ನ ಕೊಡುವ ಕರಾರುಗಳು ಅಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಇಂಥ ಕೆಲಸ ಮುಗಿಸಿ ಕೊಡುತ್ತೇವೆ ಎನ್ನುವ ಗುತ್ತಿಗೆ. ಕೆಲಸ ಮುಗಿದು ಒಪ್ಪಿಗೆಯಾದರೆ ಹಣ. ದೋಷ ಸಿಕ್ಕರೆ ಮತ್ತೆ ಸರಿಪಡಿಸಿ ಕೊಡಬೇಕು. ಇನ್ನೊಂದು, ಇಷ್ಟು ಹೊತ್ತು ನಮ್ಮ ಜಾಣ್ಮೆಯಿಂದ ದುಡಿಯುತ್ತೇವೆ ಎನ್ನುವ ಕರಾರು. ಮುಗಿಸಿಯೇ ಕೊಡುತ್ತೇವೆಂಬ ಮಾತು ಅದರಲ್ಲಿ ಇರುವುದಿಲ್ಲ. ಹೆಸರು ಒಂದು ಬಗೆಯದಿದ್ದು, ದಿನನಿತ್ಯದ ನಡವಳಿಕೆ ಇನ್ನೊಂದು ಬಗೆಯದಾದರೆ ತೊಂದರೆ. ಈ ಎರಡೂ ಬಗೆಯಲ್ಲಿ ಗಿರಾಕಿ ಕಂಪನಿಯ ಮ್ಯಾನೇಜರ್ ನಮ್ಮ ಹುಡುಗನ ಮೇಜಿನ ಬಳಿ ಬಂದು ಇದು ಮಾಡು, ಅದು ಮಾಡು ಎಂದು ನೇರವಾಗಿ ಆಜ್ಞೆ ಕೊಡುವ ಹಾಗಿಲ್ಲ. ಕೊಟ್ಟರೆ ಅದು ಗುತ್ತಿಗೆಯ ಮುಖವಾಡ ಹಾಕಿದ ಆಳು ಸರಬರಾಜು ಎಂದು ಜಪಾನಿನ ಕಾನೂನು ಹಿಡಿಯುತ್ತದೆ. ಬೆಂಗಳೂರಿನಲ್ಲಿ ಕೂತು ಕರಾರಿಗೆ ಸಹಿ ಹಾಕಿದವರಿಗೆ ಇದು ಗೊತ್ತಿರುತ್ತದೆ. ಟೊಯೋಸುವಿನ ಹದಿನೈದನೆಯ ಮಹಡಿಯಲ್ಲಿ ಕೆಲಸ ಮಾಡುವ ತಂಡದ ಮುಖ್ಯಸ್ಥನಿಗೆ ಗೊತ್ತಿರಬೇಕಲ್ಲವೇ? ಕರಾರಿನ ಮುಖ್ಯ ಷರತ್ತುಗಳನ್ನು ಒಂದು ಪುಟಕ್ಕೆ ಇಳಿಸಿ ತಂಡಕ್ಕೆ ಕೊಡಿ. ಇಂಗ್ಲಿಷಿನಲ್ಲಿ ಕೊಡಿ, ಕನ್ನಡದಲ್ಲಿ ಕೊಡಿ, ಅವರಿಗೆ ತಿಳಿಯುವ ಹಾಗೆ ಕೊಡಿ.

ಜಪಾನಿನ ಕರಾರು ಪತ್ರ ಹೇಗಿರುತ್ತದೆ ಎಂದು ಸ್ವಲ್ಪ ಹೇಳಲೇ? ಕಾಗದದ ಮೇಲಾದರೆ ಎರಡು ಪ್ರತಿ, ಒಂದೇ ತರಹ. ಹಾಳೆಗಳನ್ನು ಸೇರಿಸಿ, ಬೆನ್ನಿಗೆ ಬಿಳಿ ಪಟ್ಟಿ ಅಂಟಿಸಿರುತ್ತಾರೆ. ಪಟ್ಟಿ ಮತ್ತು ಹಾಳೆ ಕೂಡುವ ಅಂಚಿನ ಮೇಲೆ ಕೆಂಪು ಮುದ್ರೆ, ಅರ್ಧ ಇತ್ತ ಅರ್ಧ ಅತ್ತ. ನಡುವೆ ಒಂದು ಹಾಳೆ ಬದಲಾಯಿಸಿದರೆ ಮುದ್ರೆ ಕೂಡುವುದಿಲ್ಲ. ಗುತ್ತಿಗೆಯ ಪತ್ರವಾದರೆ ಮೊತ್ತಕ್ಕೆ ತಕ್ಕ ಕಂದಾಯದ ಸ್ಟಾಂಪು, ಅದರ ಮೇಲೂ ಮುದ್ರೆ. ಕಂಪ್ಯೂಟರಿನಲ್ಲೇ ಸಹಿಯಾದ ಕರಾರಿಗೆ ಆ ಸ್ಟಾಂಪಿನ ತೆರಿಗೆ ಇಲ್ಲ. ಅದಕ್ಕೇ ಈಗ ಅನೇಕರು ಆ ಕಡೆ ಹೊರಳಿದ್ದಾರೆ. ಕಡತದಲ್ಲಿ ಹುಡುಕುವುದೂ ಸುಲಭ.

ಹಣ ಕೈಸೇರುವ ವಿಷಯಕ್ಕೆ ಬರುತ್ತೇನೆ. ಸಣ್ಣವರ ಪಾಲಿಗೆ ಕರಾರಿನ ಹೃದಯ ಇದೇ. ಇಲ್ಲಿ ಜಪಾನೂ ನಾವೂ ಒಂದೇ ದಾರಿಯಲ್ಲಿದ್ದೇವೆ. ದೊಡ್ಡ ಕಂಪನಿ ಸಣ್ಣವರಿಗೆ ಹಣ ತಡೆಯಬಾರದು ಎಂದು ಜಪಾನಿನಲ್ಲಿ 1956ರಿಂದ ಕಾನೂನಿದೆ. ಸರಕು ಕೈಸೇರಿದ ದಿನದಿಂದ 60 ದಿನದೊಳಗೆ ಹಣ ಕೊಡಬೇಕು. 2026ರ ಜನವರಿಯಿಂದ ಅದಕ್ಕೆ ಹೊಸ ಹೆಸರೂ ಹೊಸ ಬಲವೂ ಬಂದಿದೆ. ತಿಂಗಳುಗಳ ನಂತರ ಹಣವಾಗುವ ಹುಂಡಿ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ. ನಮ್ಮಲ್ಲಿ 2006ರ ಕಾನೂನು ಇದೆ. ನೋಂದಾಯಿಸಿಕೊಂಡ ಅತಿ ಸಣ್ಣ, ಸಣ್ಣ ಉದ್ಯಮಕ್ಕೆ ಕರಾರಿನಲ್ಲಿ ಏನೇ ಬರೆದಿರಲಿ, 45 ದಿನ ಮೀರುವ ಹಾಗಿಲ್ಲ. ಬರೆಯದೇ ಇದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ.

ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಪೀಣ್ಯದ ಲೇತ್ ಮಾಲೀಕರು ಹಣಕ್ಕೆ ಅಲೆಯುವುದೇಕೆ? ಒಂದು ಕಾರಣ ಗಿರಾಕಿಯನ್ನು ಕಳೆದುಕೊಳ್ಳುವ ಭಯ. ಅದು ನಿಜವಾದ ಭಯ. ಅದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ. ದಿನದ ಲೆಕ್ಕ ಎಲ್ಲಿಂದ ಶುರು? ಸರಕು ಒಪ್ಪಿಸಿಕೊಂಡ ದಿನದಿಂದ. ಅದಕ್ಕೆ ಸಾಕ್ಷಿ ಡೆಲಿವರಿ ಚಲನ್. ಗೇಟಿನಲ್ಲಿ ಸೆಕ್ಯುರಿಟಿಯವನು ಹಾಕಿದ ಸೀಲು, ತಾರೀಕು. ಆಟೋ ಚಾಲಕ ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಎಲ್ಲೋ ಬೀಳಿಸಿಕೊಂಡರೆ? ಸರಕಿನಲ್ಲಿ ದೋಷ ಇದ್ದರೆ 15 ದಿನದೊಳಗೆ ಬರವಣಿಗೆಯಲ್ಲಿ ಹೇಳಬೇಕು. ಹೇಳದಿದ್ದರೆ ಒಪ್ಪಿದಂತೆಯೇ ಎಂದು ಕಾನೂನು ಹೇಳುತ್ತದೆ. ಆ ಬಲವೆಲ್ಲ ನಿಂತಿರುವುದು ಒಂದು ಚೀಟಿಯ ಮೇಲೆ. ಅದೇ ಸಂಜೆ ಅದರ ಫೋಟೋ ತೆಗೆದು ಕಡತಕ್ಕೆ ಸೇರಿಸುವ ಕೆಲಸ ಯಾರದು ಎಂದು ಹೆಸರಿಟ್ಟು ಹೇಳಿ.

ಹಣದ ಗಡುವು ಆಯಿತು. ಇನ್ನೊಂದು ಗಡುವು ಇದೆ, ಅದು ಸದ್ದಿಲ್ಲದ್ದು. ಪದೇ ಪದೇ ವ್ಯವಹಾರ ನಡೆಸುವವರ ಕರಾರು ಸಾಮಾನ್ಯವಾಗಿ ವರ್ಷದ್ದು. ಅವಧಿ ಮುಗಿಯುವ ಇಷ್ಟು ತಿಂಗಳು ಮೊದಲು ಯಾರೂ ನೋಟೀಸು ಕೊಡದಿದ್ದರೆ ಇನ್ನೊಂದು ವರ್ಷಕ್ಕೆ ತಾನಾಗಿ ಮುಂದುವರಿಯುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿಯುವ ದಿನ ಗುರುತು ಹಾಕುತ್ತೇವೆ. ಗುರುತು ಹಾಕಬೇಕಾದದ್ದು ನೋಟೀಸಿನ ದಿನ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನೋಟೀಸಿಗೆ ಒಂದು ತಿಂಗಳು ಮುಂಚಿನ ದಿನ. ಏಕೆಂದರೆ ಬಿಡುವುದೋ ಮುಂದುವರಿಸುವುದೋ, ದರ ಏರಿಸಿ ಕೇಳುವುದೋ ಎಂದು ಯೋಚಿಸಲು ಅಷ್ಟು ಸಮಯ ಬೇಕು.

ಬರೆದವರು ಮರೆತರೂ ಸಾಲು ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ದೇವನಹಳ್ಳಿಯ ವಿಮಾನ ನಿಲ್ದಾಣದ ಕಂಪನಿ ನಡುವೆ ಕರಾರಾಯಿತು. ನಿಲ್ದಾಣ ತೆರೆದ ದಿನದಿಂದ 25 ವರ್ಷ, 150 ಕಿಲೋಮೀಟರ್ ಒಳಗೆ, ಮೈಸೂರು ಹಾಸನ ಬಿಟ್ಟರೆ, ಬೇರೆ ವಿಮಾನ ನಿಲ್ದಾಣಕ್ಕೆ ಅವಕಾಶವಿಲ್ಲ ಎಂದು ಅದರಲ್ಲಿದೆ. 2008ರ ಮೇ 24ರಂದು ಹೊಸ ನಿಲ್ದಾಣ ತೆರೆಯಿತು. ಎಚ್‌ಎಎಲ್ ನಿಲ್ದಾಣದಿಂದ ಸಾಮಾನ್ಯ ಪ್ರಯಾಣಿಕರ ವಿಮಾನಗಳು ನಿಂತವು. ಆಗ ಊರಿನಲ್ಲಿ ಎಷ್ಟು ಗಲಾಟೆಯಾಯಿತು, ಹೈಕೋರ್ಟಿನವರೆಗೆ ಹೋಯಿತು, ಹಲವರಿಗೆ ನೆನಪಿರಬಹುದು. ಆ ಷರತ್ತು ಅಲ್ಲಿಯವರೆಗೆ ಬಹಳ ಜನರ ಕಿವಿಗೆ ಬಿದ್ದಿರಲಿಲ್ಲ. 2024ರಲ್ಲಿ ತಮಿಳುನಾಡು ಹೊಸೂರಿನಲ್ಲಿ ನಿಲ್ದಾಣ ಕಟ್ಟುತ್ತೇವೆ ಎಂದಿತು. ಕರ್ನಾಟಕವೂ ಬೆಂಗಳೂರಿನ ಎರಡನೆಯ ನಿಲ್ದಾಣಕ್ಕೆ ಕನಕಪುರ ರಸ್ತೆ, ನೆಲಮಂಗಲ ಕಡೆ ಜಾಗ ನೋಡಿತು. ಇಬ್ಬರ ದಾರಿಯಲ್ಲೂ ಅದೇ ಹಳೆಯ ಸಾಲು. ಲೆಕ್ಕ ಹಾಕಿದರೆ 2033ರವರೆಗೆ ಅದಕ್ಕೆ ಆಯುಸ್ಸು. ಹೊಸ ನಿಲ್ದಾಣಕ್ಕೆ ಭೂಮಿ, ಪರವಾನಗಿ, ಕಟ್ಟಡ ಎಲ್ಲ ಸೇರಿ ವರ್ಷಗಟ್ಟಲೆ ಬೇಕು. ಹಾಗಾಗಿ ಈ ಷರತ್ತು ಬೆಂಗಳೂರಿಗೆ ಅಡ್ಡಿಯೋ ಅಥವಾ ಕೆಲಸಕ್ಕೆ ಸಿದ್ಧವಾಗಲು ಸಿಕ್ಕ ಗಡುವೋ ಎನ್ನುವುದು, ಅದನ್ನು ಎಷ್ಟು ಬೇಗ ಓದಿಕೊಳ್ಳುತ್ತೇವೆ ಎಂಬುದರ ಮೇಲೆ ನಿಂತಿದೆ.

ಹೀಗೆ ಕಾವಲು ಕಾಯ್ದ ಕರಾರು ಒಂದು ದಿನ ಮುಗಿಯುತ್ತದೆ. ಆ ದಿನದ ಕೆಲಸಗಳನ್ನು ಹೇಳಿ ಮಾತು ಮುಗಿಸುತ್ತೇನೆ. ಕೊಟ್ಟಿದ್ದ ಬ್ಯಾಂಕ್ ಗ್ಯಾರಂಟಿ ವಾಪಸು ಪಡೆಯಿರಿ. ಅದು ಸುಮ್ಮನೆ ಬ್ಯಾಂಕಿನಲ್ಲಿದ್ದರೆ ಕಮಿಷನ್ ಓಡುತ್ತಿರುತ್ತದೆ. ಮುಂಗಡ, ಠೇವಣಿಗಳ ಲೆಕ್ಕ ಚುಕ್ತಾ ಮಾಡಿಕೊಂಡು, ಬಾಕಿ ಇಲ್ಲ ಎಂದು ಇಬ್ಬರೂ ಪತ್ರ ಬರೆದುಕೊಳ್ಳಿ. ಗಿರಾಕಿಯ ಗುಟ್ಟಿನ ಮಾಹಿತಿ, ನಕ್ಷೆ, ಪಾಸ್‌ವರ್ಡ್ ನಿಮ್ಮ ಬಳಿ ಇದ್ದರೆ ಹಿಂತಿರುಗಿಸಿ ರಸೀದಿ ತೆಗೆದುಕೊಳ್ಳಿ. ಗುಟ್ಟು ಕಾಯುವ ಷರತ್ತು ಕರಾರು ಮುಗಿದ ಮೇಲೂ ಬದುಕಿರುತ್ತದೆಯೇ, ಎಷ್ಟು ವರ್ಷ, ಅದನ್ನೊಮ್ಮೆ ನೋಡಿ.

ಕಡತವನ್ನು ಮಾತ್ರ ಅವಸರದಲ್ಲಿ ರದ್ದಿಗೆ ಹಾಕಬೇಡಿ. ಕರಾರು ಮುರಿದದ್ದಕ್ಕೆ ದಾವೆ ಹೂಡಲು ನಮ್ಮಲ್ಲಿ ಮೂರು ವರ್ಷ ಅವಕಾಶವಿದೆ. ಜಪಾನಿನಲ್ಲಿ 2020ರ ತಿದ್ದುಪಡಿಯ ಮೇಲೆ, ಹಕ್ಕು ಚಲಾಯಿಸಬಹುದೆಂದು ತಿಳಿದ ದಿನದಿಂದ ಐದು ವರ್ಷ. ಜಿಎಸ್‌ಟಿ ಲೆಕ್ಕದ ಕಾಗದಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ ಆರು ವರ್ಷ ಇಡಬೇಕು. ಕಂಪನಿಯ ಲೆಕ್ಕಪುಸ್ತಕ, ಅದಕ್ಕೆ ಸೇರಿದ ಚೀಟಿಗಳನ್ನು ಎಂಟು ವರ್ಷ. ಇವುಗಳಲ್ಲಿ ದೊಡ್ಡದನ್ನು ಹಿಡಿದು, ಕಡತದ ಮುಖಪುಟದ ಮೇಲೆ ಇಂಥ ವರ್ಷದ ತನಕ ಇಡತಕ್ಕದ್ದು ಎಂದು ಬರೆದು, ಕೆಳಗೆ ಬರೆದವರ ಹೆಸರು ಹಾಕಿ ಕಪಾಟಿಗೆ ಸೇರಿಸಿ.